ಪ್ರೂಫ್ ನೋಡುವ ಎಐ ಸಹಾಯಕಕ್ಕೆ ಸ್ವಭಾವ ಬರೆದುಕೊಟ್ಟ ಮೇಲೆ: ದೀರ್ಘ ಬಳಕೆಯ ವಿಮರ್ಶೆ

ಗದಗಿನ ನಮ್ಮ ಮುದ್ರಣಾಲಯದಲ್ಲಿ ಎಐ ಸಹಾಯಕವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರೂಫ್ ನೋಡುವ ಕೆಲಸಕ್ಕೆ ಬಳಸುತ್ತಿದ್ದೇವೆ. ಅದು ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆಯನ್ನು, ಅಂದರೆ ಅದಕ್ಕೆ ಬೇಕಾದ ಸ್ವಭಾವವನ್ನು, ನಾವೇ ಬರೆದು ಕೊಡುವ ಸೌಲಭ್ಯ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಸಹಾಯಕದ ಉಳಿದ ಶಕ್ತಿಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಡುವೆ ಒಂದು ಕಂಪನಿಯ ಸೇವೆ ಬಿಟ್ಟು ಇನ್ನೊಂದರದು ಹಿಡಿದೆವು. ಈ ಸೌಲಭ್ಯದ ಗುಣದೋಷಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿದ್ದುದರಿಂದ ನಾವು ಬಳಸಿದವುಗಳ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ.

ಸೌಲಭ್ಯ ಈಗ ಎಲ್ಲ ಕಡೆಯೂ ಇದೆ. ಚಾಟ್‌ಜಿಪಿಟಿಯಲ್ಲಿ ಇದು ‘ಕಸ್ಟಮ್ ಇನ್‌ಸ್ಟ್ರಕ್ಷನ್ಸ್’ ಎಂಬ ಹೆಸರಿನಲ್ಲಿ ಜುಲೈ 2023ರಲ್ಲಿ ಬಂತು. ಇಂಥದೇ ಬೇರೆ ಸಹಾಯಕಗಳಾದ ಕ್ಲಾಡ್‌ನ ‘ಪ್ರಾಜೆಕ್ಟ್ಸ್’ ಜೂನ್ 2024ರಲ್ಲಿ, ಜೆಮಿನಿಯ ‘ಜೆಮ್ಸ್’ ಅದೇ ವರ್ಷದ ಆಗಸ್ಟ್‌ನಲ್ಲಿ ಬಂದವು. ಆಗಸ್ಟ್ 2025ರಲ್ಲಿ ಚಾಟ್‌ಜಿಪಿಟಿಗೆ ಜಿಪಿಟಿ-5 ಎಂಬ ಹೊಸ ಮಾದರಿ (ಮಾಡೆಲ್, ಅಂದರೆ ಒಳಗೆ ಉತ್ತರ ಸಿದ್ಧಪಡಿಸುವ ತಂತ್ರಾಂಶ) ಬಂದಾಗ ಸಿನಿಕ್, ರೋಬಾಟ್, ಲಿಸನರ್, ನರ್ಡ್ ಎಂಬ ಸಿದ್ಧ ಸ್ವಭಾವಗಳೂ ಸೇರಿದವು. ಹೆಸರು ಏನೇ ಇರಲಿ, ಒಳಗೆ ನಡೆಯುವುದು ಸರಳವಾದ ಸಂಗತಿ: ನಾವು ಬರೆದಿಟ್ಟ ಸೂಚನೆಯನ್ನು ನಮ್ಮ ಪ್ರಶ್ನೆಯ ಜೊತೆಗೆ ಪ್ರತಿ ಸಲವೂ ಮಾದರಿಗೆ ಕಳಿಸಲಾಗುತ್ತದೆ. ಮಾದರಿಯ ತಿಳಿವಳಿಕೆಯಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ, ಅದರ ನಡವಳಿಕೆ ಮಾತ್ರ ಒಂದು ದಿಕ್ಕಿಗೆ ಹೊರಳುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಅನೇಕ ನಿರಾಸೆಗಳು ತಪ್ಪುತ್ತವೆ.

ನಮ್ಮ ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಮುದ್ರಣ ಕಾಶಿ ಎಂದು ಕರೆಸಿಕೊಂಡ ಈ ಊರಿನಲ್ಲಿ ನಮ್ಮದು ಸಣ್ಣ ಪ್ರೆಸ್ಸು. ಬೇಸಿಗೆಯಲ್ಲಿ ಲಗ್ನಪತ್ರಿಕೆ, ಜಾತ್ರೆಗಳಿದ್ದಾಗ ಹ್ಯಾಂಡ್‌ಬಿಲ್ಲು, ಸೆಪ್ಟೆಂಬರ್ ಹತ್ತಿರ ಬಂತೆಂದರೆ ಸಹಕಾರಿ ಸಂಘಗಳ ವಾರ್ಷಿಕ ವರದಿ. 1905ರಲ್ಲಿಯೇ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಜಿಲ್ಲೆಯಾದ್ದರಿಂದ ಕೊನೆಯ ಬಗೆಯ ಕೆಲಸಕ್ಕೆ ಇಲ್ಲಿ ಬರವಿಲ್ಲ. ಇವೆಲ್ಲವುಗಳಲ್ಲಿ ಪ್ರೂಫ್ ನೋಡುವವನ ಮುಖ್ಯ ಗುಣವೆಂದರೆ ತಪ್ಪನ್ನು ಕಾಣುವುದು ಎಷ್ಟೋ, ಸರಿಯಿರುವುದನ್ನು ಮುಟ್ಟದಿರುವುದೂ ಅಷ್ಟೇ. ಸೂಚನೆಯಿಲ್ಲದ ಎಐ ಸಹಾಯಕಕ್ಕೆ ಮೊದಲನೆಯದು ತಕ್ಕಮಟ್ಟಿಗೆ ಬರುತ್ತದೆ, ಎರಡನೆಯದು ಬರುವುದೇ ಇಲ್ಲ. ಪತ್ರಿಕೆಯಲ್ಲಿ ‘ಪಾಟೀಲ’ ಎಂದಿದ್ದರೆ ಅದು ‘ಪಾಟೀಲ್’ ಮಾಡುತ್ತದೆ, ‘ಅಕ್ಷತಾರೋಪಣ’ ಎಂದಿದ್ದಲ್ಲಿ ‘ವಿವಾಹ ಮಹೋತ್ಸವ’ ಎಂದು ಅಂದಗೊಳಿಸುತ್ತದೆ, ಮಠದ ಸ್ವಾಮಿಗಳ ಹೆಸರಿನ ಮುಂದಿನ ಬಿರುದುಗಳನ್ನು ಉದ್ದವಾಯಿತೆಂದು ಕತ್ತರಿಸುತ್ತದೆ. ಇವುಗಳಲ್ಲಿ ಒಂದು ಅಚ್ಚಾದರೂ ಗ್ರಾಹಕರು ಪತ್ರಿಕೆಯ ಕಟ್ಟನ್ನು ಹೊತ್ತು ತಂದು ಕೌಂಟರಿನ ಮೇಲೆ ಇಡುತ್ತಾರೆ.

ಸ್ವಭಾವ ಬರೆಯಲು ಕುಳಿತವರಿಗೆ ಮೊದಲು ಹೊಳೆಯುವುದು ಗುಣವಾಚಕಗಳು: ಶಿಸ್ತಿನ, ವಿನಯದ, ಅನುಭವೀ, ನಿಖರ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಸೂಚನೆಗಳಲ್ಲಿ ಹೆಚ್ಚಿನವು ‘ನೀನು ನಲವತ್ತು ವರ್ಷ ಅನುಭವವಿರುವ ತಜ್ಞ’ ಎಂದೇ ಆರಂಭವಾಗುತ್ತವೆ. ನಮ್ಮ ಅನುಭವದಲ್ಲಿ ಇಂಥ ವಾಕ್ಯಗಳಿಂದ ಮಾತಿನ ಧಾಟಿ ಬದಲಾಗುತ್ತದೆಯೇ ಹೊರತು ಕೆಲಸ ಬದಲಾಗುವುದಿಲ್ಲ. ಪ್ರೆಸ್ಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ‘ಜಾಣನಾಗಿರು’ ಎಂದರೆ ಅವನು ತಲೆಯಾಡಿಸುತ್ತಾನೆ. ‘ಅಡ್ಡಹೆಸರು ತಿದ್ದುವ ಮುಂಚೆ ನನ್ನನ್ನು ಕೇಳು’ ಎಂದರೆ ಅವನಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಆದ್ದರಿಂದ ನಮ್ಮ ಸೂಚನೆಯಲ್ಲಿ ಈಗ ಗುಣವಾಚಕಗಳೇ ಇಲ್ಲ. ವ್ಯಕ್ತಿಗಳ ಹೆಸರು, ಅಡ್ಡಹೆಸರು, ಊರು, ಮನೆತನದ ದೇವರ ಹೆಸರುಗಳನ್ನು ಬದಲಿಸಬೇಡ, ಸಂಶಯವಿದ್ದರೆ ಕೊನೆಯಲ್ಲಿ ಪ್ರತ್ಯೇಕವಾಗಿ ಕೇಳು. ತಿದ್ದಿದ ಪೂರ್ಣ ಪಠ್ಯ ಕೊಡಬೇಡ, ಮೂಲದ ಪದ ಮತ್ತು ಸೂಚಿಸಿದ ಪದವನ್ನು ಎದುರುಬದುರಾಗಿ ಬರೆ. ತಿಥಿ, ನಕ್ಷತ್ರ, ಮುಹೂರ್ತಗಳನ್ನು ನೀನಾಗಿ ತುಂಬಬೇಡ. ಸೂಚನೆ ಬಹುಮಟ್ಟಿಗೆ ಹೀಗೆಯೇ ಸಾಗುತ್ತದೆ, ಕೊನೆಗೆ ತಿದ್ದಬೇಕಾದ ಮತ್ತು ತಿದ್ದಬಾರದ ಸಾಲುಗಳ ಕೆಲವು ಉದಾಹರಣೆಗಳಿವೆ. ಆ ಉದಾಹರಣೆಗಳು ಉಳಿದ ವಿವರಣೆಗಿಂತ ಹೆಚ್ಚು ಕೆಲಸ ಮಾಡಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿಥಿಯ ನಿಯಮ ಬಂದದ್ದಕ್ಕೆ ಕಾರಣವಿದೆ. ದಿನಾಂಕ ಕೊಟ್ಟು ಕೇಳಿದಾಗ ಸಹಾಯಕ ಕೊಟ್ಟ ತಿಥಿ-ನಕ್ಷತ್ರಗಳು ಗೋಡೆಯ ಮೇಲಿನ ಪಂಚಾಂಗಕ್ಕೆ ಹೊಂದುತ್ತಿರಲಿಲ್ಲ, ಆದರೆ ಹೇಳುವ ಧಾಟಿಯಲ್ಲಿ ಒಂದಿಷ್ಟೂ ಅಳುಕು ಇರುತ್ತಿರಲಿಲ್ಲ. ಸ್ವಭಾವವನ್ನು ಎಷ್ಟು ಗಂಭೀರವಾಗಿ, ಹಿರಿಯರ ಧಾಟಿಯಲ್ಲಿ ಕಟ್ಟುತ್ತೇವೆಯೋ ಅಷ್ಟರ ಮಟ್ಟಿಗೆ ಅದರ ತಪ್ಪು ಮಾತೂ ನಂಬುವಂತೆ ಕೇಳಿಸುತ್ತದೆ. ಈ ಸೌಲಭ್ಯದ ದೊಡ್ಡ ಅಪಾಯ ನನ್ನ ದೃಷ್ಟಿಯಲ್ಲಿ ಇದೇ. ತಿಳಿಯದಿದ್ದಾಗ ಏನು ಮಾಡಬೇಕು ಎಂಬ ನಿಯಮವಿಲ್ಲದ ಸ್ವಭಾವ ಅಪೂರ್ಣ.

ಹೊಗಳಿಕೆಯ ವಿಷಯಕ್ಕೆ ಬಂದರೆ, ಪ್ರತಿ ಉತ್ತರವೂ ‘ಅತ್ಯುತ್ತಮವಾದ ಪತ್ರಿಕೆ’ ಎಂಬ ಮಾತಿನಿಂದ ಆರಂಭವಾಗುವುದನ್ನು ನಿಲ್ಲಿಸಬೇಕಾಗಿತ್ತು. ‘ಹೊಗಳಬೇಡ, ಕಠಿಣವಾಗಿ ನೋಡು’ ಎಂದು ಬರೆದಾಗ ಇನ್ನೊಂದು ತೊಂದರೆ ಹುಟ್ಟಿತು: ಕಠಿಣವಾಗಿ ಕಾಣಿಸಿಕೊಳ್ಳುವ ಸಲುವಾಗಿ ಅದು ಸರಿಯಾದ ಸಾಲುಗಳಲ್ಲಿಯೂ ದೋಷ ಹುಡುಕತೊಡಗಿತು, ಅಲ್ಪವಿರಾಮಗಳ ಮೇಲೆ ಪುಟಗಟ್ಟಲೆ ಟಿಪ್ಪಣಿ ಬರೆಯಿತು. ಪ್ರೆಸ್ಸಿನ ಡಿಟಿಪಿ ಆಪರೇಟರ್ ಹೆಣ್ಣುಮಗಳು ಒಂದು ಸಂಜೆ “ಅಣ್ಣಾರ, ಇದು ತಪ್ಪಿಗಿಂತ ಮಾತ ಭಾಳ ತೋರಸ್ತೈತ್ರಿ” ಎಂದಳು. ಪರಿಹಾರ ಸಿಕ್ಕಿದ್ದು ಒಂದೇ ಸಾಲಿನಲ್ಲಿ: ತಪ್ಪು ಇಲ್ಲದಿದ್ದರೆ ‘ತಿದ್ದುಪಡಿ ಇಲ್ಲ’ ಎಂದು ಬರೆದು ನಿಲ್ಲಿಸು. ಏನೂ ಹೇಳದಿರುವುದಕ್ಕೂ ಅನುಮತಿ ಬೇಕಾಗಿತ್ತು ಎಂದು ತೋರುತ್ತದೆ.

ಈ ಮುಖಸ್ತುತಿ ನಮ್ಮೊಬ್ಬರ ದೂರಲ್ಲ. ಏಪ್ರಿಲ್ 2025ರ ಕೊನೆಯಲ್ಲಿ ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿ ಜಿಪಿಟಿ-4ಒ ಮಾದರಿಗೆ ಮಾಡಿದ ಒಂದು ಪರಿಷ್ಕರಣೆಯನ್ನು, ಅದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂದು ಒಪ್ಪಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಬಳಕೆದಾರರು ಇದರಿಂದ ತಿಳಿಯಬೇಕಾದದ್ದೇನೆಂದರೆ, ನಮ್ಮ ಸೂಚನೆಯ ಒಂದಕ್ಷರವೂ ಬದಲಾಗದೆ ಸಹಾಯಕದ ಸ್ವಭಾವ ಬದಲಾಗಬಹುದು, ಏಕೆಂದರೆ ಕೆಳಗಿನ ಮಾದರಿಯೇ ಬದಲಾಗಿರುತ್ತದೆ. ನಮ್ಮಲ್ಲಿಯೂ ಒಂದು ಪರಿಷ್ಕರಣೆಯ ಮರುದಿನದಿಂದ ಉತ್ತರಗಳು ಇದ್ದಕ್ಕಿದ್ದಂತೆ ಉದ್ದವಾದವು. ಆಗಿನಿಂದ ತಪ್ಪುಗಳನ್ನು ಬೇಕೆಂದೇ ಸೇರಿಸಿದ ಒಂದು ಲಗ್ನಪತ್ರಿಕೆಯನ್ನು ಪರೀಕ್ಷೆಗಾಗಿ ಇಟ್ಟುಕೊಂಡಿದ್ದೇವೆ. ಸಂಶಯ ಬಂದಾಗ ಅದನ್ನೇ ಕೊಟ್ಟು ನೋಡುತ್ತೇವೆ.

ದೀರ್ಘ ಸಂಭಾಷಣೆಯಲ್ಲಿ ಸ್ವಭಾವ ಸಡಿಲವಾಗುತ್ತದೆ ಎಂಬುದು ಇನ್ನೊಂದು ಕೊರತೆ. ವಾರ್ಷಿಕ ವರದಿಯೊಂದನ್ನು ಪುಟದಿಂದ ಪುಟಕ್ಕೆ ಒಂದೇ ಸಂಭಾಷಣೆಯಲ್ಲಿ ಕೊಡುತ್ತ ಹೋದರೆ, ಮೊದಲ ಪುಟಗಳಲ್ಲಿ ನಿಯಮ ಪಾಲಿಸಿದ ಸಹಾಯಕ ಲಾಭ-ನಷ್ಟದ ತಖ್ತೆ ಮುಟ್ಟುವ ಹೊತ್ತಿಗೆ ಮತ್ತೆ ಪೂರ್ಣ ಪಠ್ಯವನ್ನೇ ತಿದ್ದಿ ಬರೆಯತೊಡಗುತ್ತದೆ. ಅದೂ ಅಲ್ಲದೆ ಕನ್ನಡದ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ನುಗಳಾಗಿ (ಮಾದರಿ ಓದುವ ಚಿಕ್ಕ ಚಿಕ್ಕ ತುಣುಕುಗಳಾಗಿ) ಒಡೆಯುವುದರಿಂದ ಸಹಾಯಕ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಜಾಗ ನಮಗೆ ಬೇಗ ತುಂಬುತ್ತದೆ. ಪ್ರತಿ ಅಧ್ಯಾಯಕ್ಕೆ ಹೊಸ ಸಂಭಾಷಣೆ ತೆರೆಯುವುದು ಸದ್ಯದ ಉಪಾಯ. ಸೂಚನೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಜಾಗ ಉಳಿಯುತ್ತದೆ, ಆದರೆ ಆಗ ಉತ್ತರದ ಕನ್ನಡವೂ ಇಂಗ್ಲಿಷಿನ ವಾಕ್ಯರಚನೆಯ ಕಡೆಗೆ ವಾಲುವುದನ್ನು ಕಂಡಿದ್ದೇನೆ. ಆದ್ದರಿಂದ ಕನ್ನಡದಲ್ಲಿಯೇ ಬರೆದು ಚಿಕ್ಕದಾಗಿ ಇಟ್ಟಿದ್ದೇವೆ.

ಹಳೆಯ ಫಾಂಟುಗಳ ತೊಡಕನ್ನು ಮುದ್ರಣದವರು ಮಾತ್ರ ಬಲ್ಲರು. ಕನ್ನಡ ಅಕ್ಷರ ಜೋಡಿಸುವ ತಂತ್ರಾಂಶಗಳಾದ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕೂಡಿಸಿದ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ತೆರನಾಗಿ ಓದುವ ಅಕ್ಷರ ಸಂಕೇತ) ಅಲ್ಲ. ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತವೆ. ನಿಯಮವಿಲ್ಲದಾಗ ಸಹಾಯಕ ಆ ರಾಶಿಯಿಂದಲೇ ಏನೋ ಒಂದು ಪತ್ರಿಕೆಯನ್ನು ಊಹಿಸಿ ಬರೆದುಬಿಡುತ್ತಿತ್ತು. ‘ಓದಲು ಬಾರದಿದ್ದರೆ ಊಹಿಸಬೇಡ, ಯೂನಿಕೋಡ್‌ಗೆ ಬದಲಿಸಿ ಕೊಡಿ ಎಂದು ಕೇಳು’ ಎಂಬ ಸಾಲು ಸೇರಿದ ಮೇಲೆ ಈ ತೊಂದರೆ ಬಹುತೇಕ ನಿಂತಿದೆ. ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು; ಅಂಥವನ್ನು ಹಿಡಿಯುವುದರಲ್ಲಿ ಮಾತ್ರ ಸಹಾಯಕ ನನಗಿಂತ ಚುರುಕು ಎಂದು ಧಾರಾಳವಾಗಿ ಹೇಳಬಲ್ಲೆ.

ಗದಗಿನ ಮಾತಿನಲ್ಲಿ ಉತ್ತರಿಸುವ ಸ್ವಭಾವವನ್ನೂ ಪ್ರಯತ್ನಿಸಿದೆವು. ಫಲವಾಗಿ ಬಂದದ್ದು ಬೆಂಗಳೂರಿನ ವಾಕ್ಯಗಳಿಗೆ ‘ರೀ’ ಮತ್ತು ‘ಐತಿ’ ಅಂಟಿಸಿದ, ಹಾಸ್ಯದ ತುಣುಕುಗಳಲ್ಲಿ ಉತ್ತರ ಕರ್ನಾಟಕದವರನ್ನು ಅಣಕಿಸುವಂಥ ಭಾಷೆ. ಅದನ್ನು ಆ ದಿನವೇ ತೆಗೆದು ಹಾಕಿ, ‘ಸರಳ ಗ್ರಾಂಥಿಕ ಕನ್ನಡ ಬಳಸು, ನೀವು ಎಂದು ಸಂಬೋಧಿಸು’ ಎಂದು ಬರೆದೆವು.

ನೆನಪಿನ ಸೌಲಭ್ಯದ ಬಗ್ಗೆ ಒಂದು ಎಚ್ಚರಿಕೆ. ಹಿಂದಿನ ಸಂಭಾಷಣೆಗಳನ್ನು ನೆನಪಿಟ್ಟು ಸ್ವಭಾವ ತಾನಾಗಿ ಹೊಂದಿಕೊಳ್ಳುತ್ತದೆ ಎಂಬುದು ಸ್ವಂತ ಬಳಕೆಗೆ ಹಿತವೇ, ಆದರೆ ಒಬ್ಬ ಗ್ರಾಹಕರು ಒಪ್ಪಿದ ರೂಢಿಯನ್ನು ಮತ್ತೊಬ್ಬರ ಪತ್ರಿಕೆಗೆ ಅನ್ವಯಿಸುವುದು ಪ್ರೆಸ್ಸಿನಲ್ಲಿ ಸಲ್ಲದು. ಅದನ್ನು ನಿಲ್ಲಿಸಿಟ್ಟಿದ್ದೇವೆ. ಪತ್ರಿಕೆಗಳಲ್ಲಿಯ ಮೊಬೈಲ್ ಸಂಖ್ಯೆಗಳನ್ನು ಅಳಿಸಿಯೇ ಪಠ್ಯ ಕೊಡುತ್ತೇವೆ, ಮತ್ತು ನಮ್ಮ ಪಠ್ಯವನ್ನು ಮಾದರಿಯ ತರಬೇತಿಗೆ ಬಳಸಬಾರದೆಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದೇವೆ. ಇದನ್ನು ಹುಡುಕಲು ಸ್ವಲ್ಪ ಹೊತ್ತು ಬೇಕು, ಆದರೂ ಹುಡುಕಬೇಕು.

ಯಾರಿಗೆ ಇದು ಬೇಕು? ಆಗೀಗ ಒಂದು ಪತ್ರ ಬರೆಸುವವರಿಗೆ ಸಿದ್ಧ ಸ್ವಭಾವಗಳೇ ಸಾಕು. ಒಂದೇ ಬಗೆಯ ಕೆಲಸವನ್ನು ದಿನವೂ ಮಾಡುವವರು, ತಮ್ಮ ಕಸುಬಿನ ನಿಯಮಗಳನ್ನು ಬಾಯಿಬಿಟ್ಟು ಹೇಳಬಲ್ಲವರಾದರೆ, ಬರೆಯುವ ಶ್ರಮಕ್ಕೆ ತಕ್ಕ ಫಲ ಪಡೆಯುತ್ತಾರೆ. ನಮ್ಮಲ್ಲಿ ಮೊದಲ ಪ್ರೂಫ್ ಬೇಗ ಮುಗಿಯುತ್ತದೆ. ಕೊನೆಯ ಪ್ರೂಫನ್ನು ಈಗಲೂ ಕಾಗದದ ಮೇಲೆ ಇಬ್ಬರು ಓದುತ್ತೇವೆ, ಗ್ರಾಹಕರ ಸಹಿಯಿಲ್ಲದೆ ಪ್ಲೇಟ್ ಮಾಡಿಸುವುದಿಲ್ಲ. ಹಣ ಕೊಟ್ಟು ಪಡೆಯುವ ಚಂದಾವನ್ನು ಮದುವೆಗಳ ಕಾಲದಲ್ಲಿ ಇಟ್ಟುಕೊಂಡು ಆಷಾಢ ಬಂತೆಂದರೆ ನಿಲ್ಲಿಸುತ್ತೇವೆ, ವಾರ್ಷಿಕ ವರದಿಗಳು ಬರತೊಡಗಿದಾಗ ಮತ್ತೆ ತೆಗೆದುಕೊಳ್ಳುತ್ತೇವೆ. ಸೂಚನೆಯ ಪಠ್ಯವನ್ನು ಕಂಪನಿಯ ಖಾತೆಯಲ್ಲಿ ಮಾತ್ರ ಬಿಡದೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿಯೂ ದಿನಾಂಕ ಹಾಕಿ ಉಳಿಸಿಕೊಂಡಿರುವುದರಿಂದ, ಸೇವೆ ಬದಲಾಯಿಸಿದಾಗ ಅದನ್ನು ಹೊಸ ಕಡೆ ಅಂಟಿಸಿ, ಪರೀಕ್ಷೆಯ ಲಗ್ನಪತ್ರಿಕೆಯನ್ನು ಒಮ್ಮೆ ಓದಿಸಿ, ಅಂದೇ ಕೆಲಸ ಮುಂದುವರಿಸಲು ಸಾಧ್ಯವಾಯಿತು.