ತೋರಿಸಿದ ಫಿಲ್ಮ್ ಒಂದು, ಕಾರಿಗೆ ಅಂಟಿಸಿದ್ದು ಇನ್ನೊಂದು: ಪುಣೆಯ ಕನ್ನಡಿಗರೇ ಎಚ್ಚರ

ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ಯಾರಾದರೂ ಹೊಸ ಕಾರಿಗೆ ಪಿಪಿಎಫ್ (ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಫಿಲ್ಮ್) ಹಾಕಿಸುವ ಯೋಚನೆಯಲ್ಲಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಅದರಲ್ಲೂ ಅಂಗಡಿಯವನು ನಿಮ್ಮ ಮಾತಿನ ಧಾಟಿ ಹಿಡಿದು ಕನ್ನಡಕ್ಕೆ ತಿರುಗಿ, "ಅಣ್ಣಾ, ನೀವು ನಮ್ಮ ಕಡೆಯವರು" ಎಂದರೆ ಎರಡು ಸಲ ಓದಿ. ನನ್ನಿಂದ 82,000 ರೂಪಾಯಿ ತೆಗೆದುಕೊಂಡು, ಟಿಪಿಯು ಎಂಬ ಹಿಗ್ಗುವ, ಒಳ್ಳೆಯ ಪ್ಲಾಸ್ಟಿಕ್ ಫಿಲ್ಮ್ ಎಂದು ಹೇಳಿ, ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳುಹಿಸಿದ್ದಾರೆ. ಬಣ್ಣ ಉಳಿಯಲಿ ಎಂದು ಹಣ ಕೊಟ್ಟೆ. ಈಗ ಆ ಬಣ್ಣದ ಮೇಲೆ ಅವರದೇ ಬ್ಲೇಡಿನ ಗೀರುಗಳಿವೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ನನ್ನ ಮನೆ ಪುಣೆಯ ವಾಕಡ್‌ನಲ್ಲಿ, ಊರು ಹುಬ್ಬಳ್ಳಿ. ಹಬ್ಬ, ಮದುವೆ, ಅಪ್ಪನ ಆಸ್ಪತ್ರೆ ಎಂದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಟ ತಪ್ಪಿದ್ದಲ್ಲ. ಆ ದಾರಿ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಖಂಬಾಟ್ಕಿ ಘಾಟ್ ದಾಟಿ ಸಾತಾರಾ ಕಳೆದರೆ ಕರಾಡ, ಕೊಲ್ಹಾಪುರ, ಕಾಗಲ್‌ವರೆಗೂ ಆರು ಪಥದ ಕಾಮಗಾರಿಯ ಕಾಟ. ಅಲ್ಲಲ್ಲಿ ಡೈವರ್ಷನ್, ರಸ್ತೆಯ ಮೇಲೆಲ್ಲ ಸಡಿಲ ಜಲ್ಲಿ, ತಾಡಪಾಲು ಹೊದಿಸದೆ ಓಡುವ ಟಿಪ್ಪರ್‌ಗಳು. ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಕಲ್ಲು ಬಾನೆಟ್ಟಿನ ಅಂಚಿಗೋ ಬಂಪರಿಗೋ ಬಡಿಯುತ್ತದೆ, ಒಂದು ಚುಕ್ಕೆಯಷ್ಟು ಬಣ್ಣ ಹಾರುತ್ತದೆ. ನನ್ನ ಹಳೆಯ ಕಾರಿನ ಬಾನೆಟ್ ಹೀಗೆ ಹಾಳಾಗಿ, ಪುಣೆಯ ಮಳೆಗೆ ಆ ಚುಕ್ಕೆಗಳಲ್ಲಿ ತುಕ್ಕು ಎದ್ದಿತ್ತು. ಹೊಸ ಕಾರಿಗೆ ಹಾಗಾಗಬಾರದು ಎಂಬುದೊಂದೇ ನನ್ನ ಆಸೆ.

ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತದೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಸಿರಾಮಿಕ್ ಕೋಟಿಂಗ್ ಹೊಳಪು ಕೊಡುತ್ತದೆ, ನೀರು ಜಾರಿಹೋಗುತ್ತದೆ, ಆದರೆ ಕಲ್ಲಿನ ಏಟು ತಡೆಯುವ ದಪ್ಪ ಅದಕ್ಕಿಲ್ಲ. ಶೋರೂಂನಲ್ಲಿ ಡೆಲಿವರಿಯ ದಿನ ಒತ್ತಾಯ ಮಾಡಿ ಮಾರುವ ಟೆಫ್ಲಾನ್ ಕೋಟಿಂಗ್‌ನ ಮಾತಂತೂ ಬೇಡವೇ ಬೇಡ. ಕಲ್ಲಿಗೆ ಬೇಕಾದದ್ದು 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್. ಆ ಫಿಲ್ಮಿನಲ್ಲೂ ಟಿಪಿಯು ಬೇರೆ, ಪಿವಿಸಿ ಬೇರೆ. ಟಿಪಿಯು ಹಿಗ್ಗುತ್ತದೆ, ಏಟನ್ನು ನುಂಗುತ್ತದೆ, ಒಳ್ಳೆಯದಾದರೆ ಸಣ್ಣ ಗೀರುಗಳು ಬಿಸಿಲಿಗೆ ಅಥವಾ ಬಿಸಿನೀರಿಗೆ ತಾವೇ ಮಾಯವಾಗುತ್ತವೆ. ಪಿವಿಸಿ ಬಿಸಿಲಿಗೆ ಹಳದಿಯಾಗುತ್ತದೆ, ಗಡುಸಾಗಿ ಸೀಳುತ್ತದೆ, ಕೀಳುವಾಗ ಅಂಟು ಬಿಟ್ಟುಹೋಗುತ್ತದೆ. ಬೆಲೆ ಟಿಪಿಯುಗಿಂತ ಬಹಳ ಕಡಿಮೆ. ಇದೆಲ್ಲ ನನಗೆ ಅಂಗಡಿಗೆ ಹೋಗುವ ಮೊದಲೇ ಗೊತ್ತಿತ್ತು. ಕೇಳಬೇಕಾದದ್ದನ್ನೆಲ್ಲ ಕೇಳಿಯೇ ಹಣ ಕೊಟ್ಟಿದ್ದೇನೆ. ಅದಕ್ಕೇ ಇಷ್ಟು ಉರಿಯುತ್ತಿರುವುದು.

ಅಂಗಡಿ ಬೈಪಾಸಿನ ಪಕ್ಕದಲ್ಲೇ ಇದೆ. ಗಾಜಿನ ಬಾಗಿಲು, ಒಳಗೆ ಬಿಳಿ ದೀಪಗಳು, ನಾಲ್ಕು ದೊಡ್ಡ ಕಾರುಗಳು. ನಾನು ಫೋನಿನಲ್ಲಿ ಹೆಂಡತಿಯೊಡನೆ ಕನ್ನಡದಲ್ಲಿ ಮಾತನಾಡಿದ್ದು ಮಾಲೀಕನ ಕಿವಿಗೆ ಬಿತ್ತು. ತಕ್ಷಣ, "ಹುಬ್ಬಳ್ಳಿಯವರಾ? ನಾನು ಬೆಳಗಾವಿ ಜಿಲ್ಲೆಯವನು ಅಣ್ಣಾ. ನಮ್ಮವರಿಗೆ ನಾನು ಲಾಭ ನೋಡುವುದಿಲ್ಲ" ಎಂದ. ಚಹಾ ತರಿಸಿದ. ಊರಿನ ಮಾತು, ಗಡಿಯ ಮಾತು, ಪುಣೆಯಲ್ಲಿ ನಮ್ಮವರು ಒಬ್ಬರಿಗೊಬ್ಬರು ಆಗಬೇಕು ಎಂಬ ಮಾತು. ನಂತರ ಕಪ್ಪು ಬಣ್ಣದ ಒಂದು ತುಂಡು ಬಾನೆಟ್ ತಂದಿಟ್ಟು, ತಂತಿ ಬ್ರಷ್‌ನಿಂದ ಗರಗರ ಉಜ್ಜಿದ. ಗೀರುಗಳೆದ್ದವು. ಕೆಟಲ್‌ನಿಂದ ಬಿಸಿನೀರು ಸುರಿದ. ಗೀರುಗಳು ಕಣ್ಣೆದುರೇ ಮಾಯ. "ಇದೇ ಫಿಲ್ಮ್ ನಿಮ್ಮ ಕಾರಿಗೆ. ಟಿಪಿಯು. ಐದು ವರ್ಷ ವಾರಂಟಿ" ಎಂದ. ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳುಹಿಸಿದ. ಆ ಸಂದೇಶ ಈಗಲೂ ನನ್ನ ಬಳಿ ಇದೆ.

ಕಾರು ಅವರಲ್ಲೇ ಬಿಟ್ಟುಬಂದೆ. ಕೆಲಸ ನಡೆಯುವಾಗ ನೋಡಲು ಬರುತ್ತೇನೆ ಎಂದಾಗ, "ಒಳಗೆ ಧೂಳು ಬರಬಾರದು ಅಣ್ಣಾ, ಹೊರಗಿನವರನ್ನು ಬಿಡುವುದಿಲ್ಲ, ಫೋಟೋ ಕಳುಹಿಸುತ್ತೇನೆ" ಎಂದ. ಧೂಳಿನ ಮಾತು ನಿಜವೇ, ಫಿಲ್ಮಿನಡಿ ಒಂದು ಕಣ ಸಿಕ್ಕಿದರೂ ಉಬ್ಬು ಕಾಣುತ್ತದೆ. ಆ ನಿಜವನ್ನೇ ಅವನು ಪರದೆ ಮಾಡಿಕೊಂಡ. ಬಂದ ಫೋಟೋಗಳಲ್ಲಿ ಕಾರು ಇತ್ತು, ಕೆಲಸದ ಹುಡುಗರಿದ್ದರು, ಫಿಲ್ಮಿನ ಪೆಟ್ಟಿಗೆ ಒಂದರಲ್ಲೂ ಇರಲಿಲ್ಲ.

ಕಾರು ಒಯ್ಯಲು ಹೋದ ದಿನ ಆತ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬಣ್ಣದ ದಪ್ಪ ಅಳೆಯುವ ಗೇಜ್ ತಂದ. ಫಿಲ್ಮ್ ಹಾಕದ ಬಾಗಿಲಿನ ಒಳಅಂಚಿನಲ್ಲಿ ಇಟ್ಟ, 110. ಬಾನೆಟ್ ಮೇಲೆ ಇಟ್ಟ, 290. "ನೋಡಿ ಅಣ್ಣಾ, 180 ಮೈಕ್ರಾನ್ ಕವಚ. ಯಂತ್ರ ಸುಳ್ಳು ಹೇಳುವುದಿಲ್ಲ." ನಾನು ಆ ಅಂಕಿಯ ಫೋಟೋ ತೆಗೆದುಕೊಂಡೆ. ಗಮನಿಸಿ: ಗೇಜ್ ದಪ್ಪವನ್ನು ತೋರಿಸುತ್ತದೆ, ಜಾತಿಯನ್ನಲ್ಲ. ಪಿವಿಸಿಯೂ ಅಷ್ಟೇ ದಪ್ಪ ಬರುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಆ ಯಂತ್ರ ಹಿಡಿದು ನನ್ನ ಮುಂದೆ ನಿಂತ. ಬಿಲ್ಲಿನಲ್ಲಿ ಬರೆದದ್ದು "ಪಿಪಿಎಫ್ ಪೂರ್ತಿ ಬಾಡಿ" ಎಂದಷ್ಟೇ. ಕಂಪನಿಯ ಹೆಸರು, ರೋಲಿನ ಸಂಖ್ಯೆ ಬರೆಯಿರಿ ಎಂದರೆ, "ವಾರಂಟಿ ಕಾರ್ಡಿನಲ್ಲಿ ಎಲ್ಲವೂ ಇದೆ, ಬಿಲ್ಲಿನ ಪ್ರೋಗ್ರಾಂನಲ್ಲಿ ಆ ಜಾಗವೇ ಇಲ್ಲ" ಎಂದ.

ಒಂದು ಬೇಸಿಗೆ ಕಳೆಯಿತು. ಬಿಳಿ ಕಾರು, ನಿಮಗೆ ಅರ್ಥವಾಗಬಹುದು. ಬಾನೆಟ್ ಮತ್ತು ಮಾಡು ಹಳದಿಗೆ ತಿರುಗತೊಡಗಿದವು. ಫಿಲ್ಮ್ ಮುಟ್ಟದ ಅಂಚು ಬೆಳ್ಳಗೆ, ಪಕ್ಕದಲ್ಲೇ ಫಿಲ್ಮ್ ಇರುವಲ್ಲಿ ಹಳೆಯ ಕಾಗದದ ಬಣ್ಣ. ಬಂಪರಿನ ಮೂಲೆಗಳಲ್ಲಿ ಅಂಚು ಎದ್ದು ಮಣ್ಣು ಕುಳಿತಿತ್ತು. ಕರಾಡದ ಬಳಿ ಸಿಡಿದ ಒಂದು ಕಲ್ಲು ಬಾನೆಟ್ ಫಿಲ್ಮನ್ನು ಸೀಳಿ ಕೆಳಗಿನ ಬಣ್ಣವನ್ನೂ ಎಬ್ಬಿಸಿತ್ತು.

ಫೋಟೋ ಕಳುಹಿಸಿದೆ. ಬಂದ ಉತ್ತರಗಳನ್ನು ಬಂದ ಹಾಗೆಯೇ ಹೇಳುತ್ತೇನೆ.

ಮೊದಲ ಉತ್ತರ: "ಅದು ಹಳದಿ ಅಲ್ಲ ಸರ್, ಧೂಳು. ವಾಷ್ ಮಾಡಿಸಿ." ಅಲ್ಲಿಯವರೆಗೆ ಅಣ್ಣ ಆಗಿದ್ದವನು ಆ ಸಂದೇಶದಿಂದ ಸರ್ ಆದೆ. ತೊಳೆಸಿ ಮತ್ತೆ ಫೋಟೋ ಹಾಕಿದೆ. "ನೀವು ಬಿಸಿಲಿನಲ್ಲಿ ನಿಲ್ಲಿಸುತ್ತೀರಿ." ಕಾರನ್ನು ಬಿಸಿಲಿನಲ್ಲಿ ನಿಲ್ಲಿಸದೆ ಎಲ್ಲಿ ನಿಲ್ಲಿಸಬೇಕು? ಬಿಸಿಲು ತಡೆಯುತ್ತದೆ ಎಂದೇ ಅಲ್ಲವೇ ಮಾರಿದ್ದು? ಅದಕ್ಕೆ ಉತ್ತರವಿಲ್ಲ. ಕಲ್ಲಿನ ವಿಷಯ ಕೇಳಿದೆ. "ಹೈವೇಯಲ್ಲಿ ಕಲ್ಲು ಬಿದ್ದರೆ ಯಾವ ಫಿಲ್ಮೂ ತಡೆಯುವುದಿಲ್ಲ ಸರ್." ಇದೇ ಮನುಷ್ಯ, ಇದೇ ಬಾಯಿ. ಹೈವೇ ಕಲ್ಲಿಗೆಂದೇ ಕೊಳ್ಳುತ್ತಿದ್ದೇನೆ ಎಂದು ನಾನು ಹೇಳಿದಾಗ ಚಹಾ ಕುಡಿಸುತ್ತ "ಚಿಂತೆ ಬಿಡಿ" ಎಂದಿದ್ದವನು. ದೊಡ್ಡ ಕಲ್ಲು ವೇಗದಲ್ಲಿ ಬಡಿದರೆ ಒಳ್ಳೆಯ ಫಿಲ್ಮೂ ಹರಿಯಬಹುದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಸಲಿ ಟಿಪಿಯು ಗಾಜಿನಂತೆ ಬಿರುಕು ಬಿಡುವುದಿಲ್ಲ.

ಆಮೇಲೆ, "ಮೂರು ತಿಂಗಳಿಗೊಮ್ಮೆ ನಮ್ಮಲ್ಲೇ ಮೇಂಟೆನೆನ್ಸ್ ವಾಷ್ ಮಾಡಿಸಿಲ್ಲ, ವಾರಂಟಿ ರದ್ದು" ಎಂದ. ಈ ಷರತ್ತು ಕಾರ್ಡಿನಲ್ಲಿಲ್ಲ, ಬಿಲ್ಲಿನಲ್ಲಿಲ್ಲ, ಅವನ ಸಂದೇಶದಲ್ಲಿಲ್ಲ. ಎಲ್ಲಿ ಬರೆದಿದೆ ತೋರಿಸಿ ಎಂದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಹುಬ್ಬಳ್ಳಿಯಿಂದ ಮಾವನವರು ಬಂದಿದ್ದಾಗ ಭೋಸರಿಯ ಒಬ್ಬ ಡೆಂಟಿಂಗ್-ಪೇಂಟಿಂಗ್ ಮಿಸ್ತ್ರಿಯ ಬಳಿ ಕಾರು ಒಯ್ದೆ. ವಯಸ್ಸಾದ ಮರಾಠಿ ಮನುಷ್ಯ, ಕಡಿಮೆ ಮಾತು. ಬಂಪರಿನ ಎದ್ದ ಅಂಚಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ಎರಡು ಕೈಯಲ್ಲಿ ಎಳೆದ. ಪಟ್ಟನೆ ಹರಿಯಿತು. ಏನೂ ಹೇಳದೆ ಒಳಗೆ ಹೋಗಿ, ಬೇರೆ ಕಾರಿನ ಕೆಲಸದಲ್ಲಿ ಉಳಿದಿದ್ದ ಅಸಲಿ ಟಿಪಿಯು ತುಂಡು ತಂದು ನನ್ನ ಕೈಗಿತ್ತ. ಎಳೆದೆ, ಹಿಗ್ಗಿತು. ಬಿಟ್ಟೆ, ಮೊದಲಿನ ಅಳತೆಗೇ ಮರಳಿತು. "ಸಾಹೇಬ, ಹೇ ಟಿಪಿಯು ನಾಹೀ" ಎಂದ, ಅಂದರೆ ಇದು ಟಿಪಿಯು ಅಲ್ಲ. ಗೀರಿದ್ದ ಜಾಗಕ್ಕೆ ಹೀಟ್ ಗನ್ ಹಿಡಿದು ತೋರಿಸಿದ, ಒಂದು ಗೀರೂ ಮಾಯವಾಗಲಿಲ್ಲ. ನಂತರ ಬಾನೆಟ್ಟಿನ ಅಂಚನ್ನು ಬಿಸಿ ಮಾಡಿ ನಿಧಾನವಾಗಿ ಎತ್ತಿದಾಗ ಕೆಳಗೆ ಕಂಡದ್ದು ಉದ್ದಕ್ಕೆ ಒಂದು ತೆಳು ಗೆರೆ. ಕಂಪ್ಯೂಟರಿನಲ್ಲಿ ಅಳತೆಗೆ ಕತ್ತರಿಸಿದ ಫಿಲ್ಮ್ ಹಾಕದೆ, ಕಾರಿನ ಮೇಲೆಯೇ ಹಾಳೆ ಹಾಸಿ ಬ್ಲೇಡ್ ಎಳೆದಿದ್ದರು. 40 ಮೈಕ್ರಾನ್ ಕ್ಲಿಯರ್ ಕೋಟ್ ಬ್ಲೇಡಿಗೆ ಯಾವ ಲೆಕ್ಕ? ಎರಡೂ ಫೆಂಡರ್‌ಗಳಲ್ಲೂ ಅದೇ ಗೆರೆ, ಹೆಡ್‌ಲೈಟಿನ ಸುತ್ತಲೂ ಅದೇ ಗೆರೆ.

ಪಕ್ಕದಲ್ಲಿ ನಿಂತಿದ್ದ ಮಾವನವರು, "ಇದಕ್ಕೆ ಎಷ್ಟು ಕೊಟ್ಟಿರಿ, ಅಳಿಯಂದಿರೇ?" ಎಂದು ಕೇಳಿದರು. ಮೊತ್ತ ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟು ಅವಮಾನವನ್ನು ನಾನು ಈ ಊರಿನಲ್ಲಿ ಇನ್ನೆಲ್ಲೂ ಅನುಭವಿಸಿಲ್ಲ.

ಅಂದು ರಾತ್ರಿ ವಾರಂಟಿ ಕಾರ್ಡಿನ ಸಂಖ್ಯೆಯನ್ನು ಫಿಲ್ಮ್ ಕಂಪನಿಯ ಜಾಲತಾಣದಲ್ಲಿ ಹಾಕಿದೆ. ಸಂಖ್ಯೆ ಸಿಕ್ಕಿತು, ಆದರೆ ಅದು ನನ್ನದಲ್ಲ. ನನ್ನ ಕಾರಿನ ನೋಂದಣಿ ಎಂಎಚ್ 14, ಅಲ್ಲಿದ್ದದ್ದು ಎಂಎಚ್ 12ರ ಇನ್ಯಾವುದೋ ಕಾರು. ಯಾರೋ ಒಬ್ಬರಿಗೆ ಅಸಲಿ ಫಿಲ್ಮ್ ಹಾಕಿ, ಅವರ ಸಂಖ್ಯೆಯನ್ನೇ ನನ್ನ ಕಾರ್ಡಿನ ಮೇಲೆ ಅಚ್ಚು ಹಾಕಿ ಕೊಟ್ಟಿದ್ದಾನೆ. ಆ ಕ್ಷಣದವರೆಗೂ ಕೆಲಸದ ಹುಡುಗರು ರೋಲ್ ಅದಲುಬದಲು ಮಾಡಿರಬಹುದು, ಮಾಲೀಕನಿಗೆ ತಿಳಿದಿರಲಿಕ್ಕಿಲ್ಲ ಎಂದು ಮನಸ್ಸಿನ ಒಂದು ಮೂಲೆ ಅವನ ಪರವಾಗಿ ವಾದಿಸುತ್ತಿತ್ತು. ಆದರೆ ಆ ಕಾರ್ಡನ್ನು ಅವನೇ ಸಹಿ ಹಾಕಿ, ಎರಡೂ ಕೈಯಿಂದ ಕೊಟ್ಟಿದ್ದ.

ಮರುದಿನ ಅಂಗಡಿಗೇ ಹೋದೆ. ಆಗ ಅವನಿಗೆ ಕನ್ನಡ ಬರಲಿಲ್ಲ. ಹಿಂದಿಯಲ್ಲಿ, ಎಲ್ಲರೆದುರು, "ಟೈಪಿಂಗ್ ತಪ್ಪು, ಹೊಸ ಕಾರ್ಡ್ ಕೊಡುತ್ತೇನೆ" ಎಂದ. ಕಾರ್ಡ್ ಬೇಡ, ಫಿಲ್ಮ್ ಬೇಕು ಎಂದೆ. "ಆಗ ಇದ್ದ ಸ್ಟಾಕ್ ಅದು." ಯಾವ ಸ್ಟಾಕ್? ಉತ್ತರವಿಲ್ಲ. ಬ್ಲೇಡಿನ ಗೆರೆ ತೋರಿಸಿದೆ. "ಬೇರೆಯವರ ಬಳಿ ತೆಗೆಸಿದ್ದೀರಿ, ಅವರೇ ಗೀರಿರಬೇಕು." ಭೋಸರಿಯಲ್ಲಿ ಫಿಲ್ಮ್ ಎತ್ತಿದ್ದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಸಿದ್ದೆ. ಅದನ್ನು ತೋರಿಸಿದ ಮೇಲೆ ಮಾತು ಬದಲಾಯಿತು: "ಹತ್ತು ಸಾವಿರ ವಾಪಸ್ ಕೊಡುತ್ತೇನೆ, ನೀವು ಹಾಕಿದ ರಿವ್ಯೂ ತೆಗೆಯಿರಿ." ಒಪ್ಪಲಿಲ್ಲ. ಸಂಜೆ ಸಂದೇಶ ಬಂತು, ಮಾನನಷ್ಟ ಮೊಕದ್ದಮೆ ಹಾಕುತ್ತಾನಂತೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಂಗಡಿಯ ಹೆಸರನ್ನು ಇಲ್ಲಿ ಬರೆಯದಿರಲು ಕಾರಣ ಈ ದೂರೇ.

ಹಾಕಿಸಲೇಬೇಕು ಎನ್ನುವವರು ಇಷ್ಟು ಮಾಡಿ. ಸೀಲ್ ಇರುವ ಪೆಟ್ಟಿಗೆಯನ್ನು ನಿಮ್ಮ ಎದುರೇ ಒಡೆಯಲಿ, ರೋಲಿನ ಸಂಖ್ಯೆಯನ್ನು ನೀವೇ ಫೋಟೋ ತೆಗೆದು ಅದೇ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ. ಆ ಜಾಗ ಇಲ್ಲ ಎಂದರೆ ಎದ್ದು ಬನ್ನಿ. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ಪಡೆದು ಎಳೆದು ನೋಡಿ. ಕಾರು ಹೊರತರುವ ಮೊದಲೇ ವಾರಂಟಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ನಿಮ್ಮ ಗಾಡಿಯ ಸಂಖ್ಯೆ ಕಂಡರೆ ಮಾತ್ರ ಬಾಕಿ ಹಣ ಕೊಡಿ. ಗೇಜ್ ತೋರಿಸಿದರೆ ಆ ಅಂಕಿಗೆ ಮರುಳಾಗಬೇಡಿ. ಭಾಷೆ ನೋಡಿ ಹಣ ಕೊಡಬೇಡಿ, ಇದನ್ನು ಬರೆಯಲು ನನಗೆ ಎಷ್ಟು ಸಂಕಟವಾಗುತ್ತಿದೆ ಎಂದು ನನಗೇ ಗೊತ್ತು. ಎಲ್ಲಕ್ಕಿಂತ, ಟಿಪ್ಪರ್‌ಗಳ ಹಿಂದೆ ಅಂತರ ಇಟ್ಟುಕೊಂಡು ಓಡಿಸಿ, ಅದಕ್ಕೆ ಯಾರಿಗೂ 82,000 ಕೊಡಬೇಕಾಗಿಲ್ಲ.

ಬಾನೆಟ್ ಮತ್ತು ಫೆಂಡರ್‌ಗಳಿಗೆ ಮತ್ತೆ ಬಣ್ಣ ಹೊಡೆಸಬೇಕು ಎಂದು ಮಿಸ್ತ್ರಿ ಹೇಳಿದ್ದಾನೆ. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿದ ಬಣ್ಣಕ್ಕೆ ಗ್ಯಾರೇಜಿನ ಬಣ್ಣ ಸಮನಾಗುವುದಿಲ್ಲ, ಮಾರುವಾಗ ಗೇಜ್ ಇಟ್ಟ ಯಾರೇ ಆದರೂ ಅಪಘಾತದ ಕಾರು ಎಂದೇ ಹೇಳುತ್ತಾರೆ. ಹಾಗಾಗಿ ಸದ್ಯ ಹೊಡೆಸಿಲ್ಲ. ಸಾಕ್ಷಿಯಾಗಿ ಆ ಗೆರೆಗಳು ಹಾಗೆಯೇ ಇರಲಿ ಎಂದು ವಕೀಲರೂ ಹೇಳಿದ್ದಾರೆ. ಬೈಪಾಸಿನ ಆ ಕಡೆ ಪಿಪಿಎಫ್ ಹಾಕಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಇಂದೇ ನಿಮ್ಮ ಕಾರ್ಡಿನ ಸಂಖ್ಯೆ ಹಾಕಿ ನೋಡಿ. ಬೇರೆ ಗಾಡಿ ಕಂಡರೆ ನನಗೆ ತಿಳಿಸಿ, ದೂರಿನಲ್ಲಿ ನಿಮ್ಮದನ್ನೂ ಸೇರಿಸೋಣ.