ಸಾವು ನಿಂತ ಜಗತ್ತು, ಹತ್ತು ಸಂಜೆ: ‘ಟಾರ್ಚ್‌ವುಡ್: ಮಿರಾಕಲ್ ಡೇ’ ಡಿವಿಡಿ ಕಟ್ಟಿನ ವಿಮರ್ಶೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಮಳೆಗಾಲದ ಮೂರು ತಿಂಗಳು ಅಂತರ್ಜಾಲವನ್ನು ನಂಬಿ ಕೂರುವಂತಿಲ್ಲ. ಅದಕ್ಕಾಗಿಯೇ ಇಂಗ್ಲೆಂಡಿನಲ್ಲಿ ಓದುತ್ತಿರುವ ಅಕ್ಕನ ಮಗ ಈ ಸಲ ರಜೆಗೆ ಬರುವಾಗ, ಬಳಸಿದ ಮಾಲನ್ನು ಮಾರುವ ಅಂಗಡಿಯೊಂದರಲ್ಲಿ ಕೊಂಡ ‘ಟಾರ್ಚ್‌ವುಡ್: ಮಿರಾಕಲ್ ಡೇ’ ಧಾರಾವಾಹಿಯ ಡಿವಿಡಿ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಆಷಾಢದ ಮಳೆಯಲ್ಲಿ ತೋಟದ ಕೆಲಸವೂ ಇಲ್ಲದ ಹತ್ತು ಸಂಜೆ ನಾವು ಏಳು ಜನ ಕೂತು ದಿನಕ್ಕೊಂದು ಕಂತಿನಂತೆ ಅದನ್ನು ನೋಡಿ ಮುಗಿಸಿದೆವು. ನೋಡಿದವರಲ್ಲಿ ನನ್ನ ತಾಯಿ, ನಿವೃತ್ತ ಶುಶ್ರೂಷಕಿಯಾದ ಚಿಕ್ಕಮ್ಮ, ಕನ್ನಡ ಮೇಷ್ಟ್ರಾಗಿದ್ದ ಪಕ್ಕದ ಮನೆಯ ಹಿರಿಯರು ಮತ್ತು ಹಳೆಯ ಅಭಿಮಾನಿಯೆಂದು ಹೇಳಿಕೊಳ್ಳುವ ಅಕ್ಕನ ಮಗ ಇದ್ದರು. ಉಳಿದವರು ನಮ್ಮಂಥ ಸಾಮಾನ್ಯರು.

ಮೊದಲು ವಸ್ತುವಿನ ಬಗ್ಗೆಯೇ ಎರಡು ಮಾತು ಹೇಳಬೇಕು. ಡಿವಿಡಿಗಳಿಗೆ ವಲಯದ ಬೀಗವಿರುತ್ತದೆ. ಬ್ರಿಟನ್ನಿನದು 2ನೇ ವಲಯ, ಭಾರತದ್ದು 5ನೆಯದು. ನಮ್ಮ ಟೀವಿಯ ಕೆಳಗಿದ್ದ ಹಳೆಯ ಪ್ಲೇಯರ್ ಈ ತಟ್ಟೆಗಳನ್ನು ಒಂದು ಕ್ಷಣ ತಿರುಗಿಸಿ, ಬೇಡವೆಂದು ಹೊರಕ್ಕೆ ತಳ್ಳಿತು. ಕೊನೆಗೆ ಹಳೆಯ ಲ್ಯಾಪ್‌ಟಾಪಿನ ಡ್ರೈವಿನಲ್ಲಿ ವಲಯವನ್ನು ಬದಲಾಯಿಸಿ, ಕೇಬಲ್ಲಿನಿಂದ ಟೀವಿಗೆ ಜೋಡಿಸಿ ನೋಡಬೇಕಾಯಿತು. ಇಂಥ ಡ್ರೈವುಗಳಲ್ಲಿ ವಲಯವನ್ನು ಐದೇ ಸಲ ಬದಲಾಯಿಸಬಹುದು, ಆಮೇಲೆ ಅದು ಕೊನೆಯ ಆಯ್ಕೆಗೇ ಅಂಟಿಕೊಳ್ಳುತ್ತದೆ ಎಂಬುದನ್ನು ವಿದೇಶದಿಂದ ತಟ್ಟೆ ತರಿಸುವವರು ನೆನಪಿಡುವುದು ಒಳ್ಳೆಯದು. ಕನ್ನಡದ ಅಡಿಬರಹವಂತೂ ಇಲ್ಲ. ವೇಲ್ಸಿನವರ ಉಚ್ಚಾರಣೆ ನಮ್ಮ ಕಿವಿಗೆ ಹತ್ತಲು ಎರಡು ಸಂಜೆ ಹಿಡಿಯಿತು, ಅಲ್ಲಿಯವರೆಗೆ ಅಕ್ಕನ ಮಗನೇ ದುಭಾಷಿ. ಒಂದು ತಟ್ಟೆಗೆ ಗೀರು ಬಿದ್ದು ಎಂಟನೆಯ ಕಂತಿನ ಏಳೆಂಟು ನಿಮಿಷ ನಮಗೆ ಸಿಗಲೇ ಇಲ್ಲ. ಆ ನಿಮಿಷಗಳಲ್ಲಿ ಏನಾಯಿತೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವೆಂಬುದು ಆ ಕಂತಿನ ಬಗ್ಗೆ ನಾನು ಬರೆಯಬಹುದಾದ ವಿಮರ್ಶೆಗಿಂತ ಚೆನ್ನಾಗಿಯೇ ಎಲ್ಲವನ್ನೂ ಹೇಳುತ್ತದೆ.

ರಸೆಲ್ ಟಿ. ಡೇವಿಸ್ ಕಟ್ಟಿದ ಟಾರ್ಚ್‌ವುಡ್ ಸರಣಿ 2006ರಲ್ಲಿ, ವೇಲ್ಸಿನ ಕಾರ್ಡಿಫ್ ನಗರವನ್ನು ನೆಲೆಯಾಗಿಟ್ಟುಕೊಂಡು ಬಿಬಿಸಿಯಲ್ಲಿ ಶುರುವಾಯಿತು. ಅನ್ಯಗ್ರಹದ ಉಪದ್ರವಗಳನ್ನು ಗುಟ್ಟಾಗಿ ನಿಭಾಯಿಸುವ ಒಂದು ಸಣ್ಣ ತಂಡ, ಅದರ ಮುಖ್ಯಸ್ಥ ಕ್ಯಾಪ್ಟನ್ ಜಾಕ್ ಹಾರ್ಕ್‌ನೆಸ್. ಅವನನ್ನು ಎಷ್ಟು ಸಲ ಕೊಂದರೂ ಮತ್ತೆ ಎದ್ದು ಕೂರುತ್ತಾನೆ. ‘ಮಿರಾಕಲ್ ಡೇ’ ಈ ಸರಣಿಯ ನಾಲ್ಕನೆಯ ಭಾಗ. ಅಮೆರಿಕದ ಸ್ಟಾರ್ಜ್ ವಾಹಿನಿಯ ಜೊತೆಗೂಡಿ ಮಾಡಿದ್ದು, 2011ರ ಜುಲೈನಲ್ಲಿ ಪ್ರಸಾರ ಶುರುವಾಯಿತು. ಒಂದು ದಿನ ಇದ್ದಕ್ಕಿದ್ದಂತೆ ಜಗತ್ತಿನಲ್ಲಿ ಯಾರೂ ಸಾಯುವುದಿಲ್ಲ. ಅದೇ ಗಳಿಗೆಯಲ್ಲಿ ಚಿರಂಜೀವಿಯಾಗಿದ್ದ ಜಾಕ್ ಒಬ್ಬನೇ ಸಾಯಬಲ್ಲ ಮನುಷ್ಯನಾಗುತ್ತಾನೆ. ಕಥೆಯ ಬೀಜ ಇಷ್ಟೆ, ಮತ್ತು ಅದು ನಿಜಕ್ಕೂ ಗಟ್ಟಿಯಾದ ಬೀಜ. ಮುಂದಿನ ಸಾಲುಗಳಲ್ಲಿ ಕಥೆಯ ತಿರುವುಗಳನ್ನು ಮುಚ್ಚಿಡದೆ ಹೇಳಿದ್ದೇನೆ, ಏಕೆಂದರೆ ಅವನ್ನು ಹೇಳದೆ ನಮ್ಮ ಮನೆಯವರ ಪ್ರತಿಕ್ರಿಯೆಯನ್ನು ವಿವರಿಸಲಾಗದು.

ಮೊದಲ ಕಂತಿನಲ್ಲಿ ರೆಕ್ಸ್ ಎಂಬ ಸಿಐಎ ಅಧಿಕಾರಿಯ ಎದೆಯನ್ನು ಅಪಘಾತದಲ್ಲಿ ಕಬ್ಬಿಣದ ಸಲಾಕೆ ಸೀಳಿಕೊಂಡು ಹೋಗುತ್ತದೆ. ಅವನು ಸಾಯುವುದಿಲ್ಲ, ಆದರೆ ಗಾಯವೂ ಮಾಯುವುದಿಲ್ಲ. ಇಡೀ ಧಾರಾವಾಹಿಯುದ್ದಕ್ಕೂ ಆ ತೂತನ್ನು ಅಂಗಿಯೊಳಗೆ ಇಟ್ಟುಕೊಂಡೇ ಓಡಾಡುತ್ತಾನೆ. ಮೇಷ್ಟ್ರು ಅವನಿಗೆ ಎರಡನೆಯ ಸಂಜೆಯೇ ಅಶ್ವತ್ಥಾಮನೆಂದು ಹೆಸರಿಟ್ಟರು, ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವನನ್ನು ರೆಕ್ಸ್ ಎಂದು ಕರೆಯಲಿಲ್ಲ. ಈ ಹೆಸರು ತಮಾಷೆಗೆ ಹುಟ್ಟಿದರೂ ಧಾರಾವಾಹಿಯ ತಿರುಳನ್ನು ಸರಿಯಾಗಿಯೇ ಹಿಡಿದಿತ್ತು: ಇಲ್ಲಿ ನಿಂತದ್ದು ಸಾವು ಮಾತ್ರ, ಮುಪ್ಪಾಗಲಿ ರೋಗವಾಗಲಿ ನೋವಾಗಲಿ ಅಲ್ಲ. ಪುರಾಣದಲ್ಲಿ ಸಾಯದಿರುವುದು ಹನುಮಂತನಿಗೆ ವರ, ಅಶ್ವತ್ಥಾಮನಿಗೆ ಶಾಪ. ಇವರು ಎರಡನೆಯದನ್ನು ಆರಿಸಿಕೊಂಡು ಅದನ್ನು ಇಡೀ ಭೂಮಿಗೆ ಹಂಚಿದ್ದಾರೆ.

ಚಿಕ್ಕಮ್ಮ ಮೊದಲಿನಿಂದಲೂ ಕಥೆಯನ್ನು ಬಿಟ್ಟು ಆಸ್ಪತ್ರೆಯನ್ನೇ ನೋಡಿದವರು. ಎರಡನೆಯ ಕಂತಿನಲ್ಲಿ ವೀರಾ ಹ್ವಾರೆಸ್ ಎಂಬ ವೈದ್ಯೆಗೆ, ತುರ್ತು ಚಿಕಿತ್ಸೆಯ ಸರದಿಯನ್ನೇ ತಲೆಕೆಳಗು ಮಾಡಬೇಕೆಂಬುದು ಹೊಳೆಯುವ ಪ್ರಸಂಗವಿದೆ. ಮಾಮೂಲಿ ದಿನಗಳಲ್ಲಿ ಪ್ರಾಣಕ್ಕೆ ಅಪಾಯವಿರುವವನನ್ನು ಮೊದಲು ನೋಡುತ್ತಾರೆ. ಯಾರೂ ಸಾಯದ ಮೇಲೆ ಅವನನ್ನು ಬೇಗ ನೋಡುವ ಅಗತ್ಯವೇ ಇಲ್ಲ, ಬೇಗ ವಾಸಿಯಾಗುವವರನ್ನು ಮೊದಲು ನೋಡಿ ಕಳಿಸಿದರೆ ಹಾಸಿಗೆಯಾದರೂ ಖಾಲಿಯಾಗುತ್ತದೆ. ಸಾಯಬೇಕಾದ ದೇಹಗಳು ಸಾಯದೆ ಸೋಂಕಿನ ಗೂಡುಗಳಾಗಿ ಬಿದ್ದಿರುತ್ತವೆ, ಅವಕ್ಕೆ ಕೊಟ್ಟ ಪ್ರತಿಜೀವಕಗಳಿಗೆಲ್ಲ ಬ್ಯಾಕ್ಟೀರಿಯಾ ಬಗ್ಗದಂತಾಗುತ್ತದೆ ಎಂಬ ಮಾತೂ ಬರುತ್ತದೆ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡಿದ ಚಿಕ್ಕಮ್ಮ ಈ ಭಾಗವನ್ನು ಎರಡು ಸಲ ಹಾಕಿಸಿ ನೋಡಿ, ಬರೆದವನು ಯಾವುದೋ ವಾರ್ಡಿನಲ್ಲಿ ಕೂತು ಬಂದವನೇ ಇರಬೇಕು ಎಂದರು. ಜಗತ್ತಿನಲ್ಲಿ ದಿನಕ್ಕೆ ಸುಮಾರು 1.7 ಲಕ್ಷ ಜನ ಸಾಯುತ್ತಾರೆ, ಹುಟ್ಟುವವರು ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ಆ ಲೆಕ್ಕದ ಒಂದು ಸಾಲನ್ನು ಅಳಿಸಿದರೆ ಅಕ್ಕಿ, ಔಷಧಿ, ಮಂಚಗಳ ಗತಿಯೇನು ಎಂಬುದನ್ನು ಮೊದಲ ಐದು ಕಂತುಗಳು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತವೆ. ವೈಜ್ಞಾನಿಕ ಕಥೆಯಿಂದ ನಾನು ಬಯಸುವುದು ಇಂಥದನ್ನೇ. ಈ ಲೆಕ್ಕವನ್ನು ಕೇಳಿದ ನನ್ನ ಭಾವ ಮಾತ್ರ, ಸಾವು ನಿಂತರೆ ಮಲೆನಾಡಿನ ಒಂದು ತೋಟವೂ ಪಾಲಾಗುವುದಿಲ್ಲವಲ್ಲ, ಮುತ್ತಜ್ಜನ ಹೆಸರಿನ ಪಹಣಿ ಹಾಗೆಯೇ ಉಳಿಯುತ್ತದಲ್ಲ ಎಂದು ಚಿಂತೆಗೆ ಬಿದ್ದರು.

ಐದನೆಯ ಕಂತಿನ ಸಂಜೆ ಮಾತ್ರ ನಗು ಇರಲಿಲ್ಲ. ಸರ್ಕಾರಗಳು ಜನರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತವೆ. ಸಹಜವಾಗಿದ್ದರೆ ಸತ್ತೇಹೋಗುತ್ತಿದ್ದವರು ಒಂದನೆಯ ವರ್ಗ. ಅವರನ್ನು ಶಿಬಿರಗಳಿಗೆ ಸಾಗಿಸಿ, ಅಲ್ಲಿನ ಕಟ್ಟಡಗಳಲ್ಲಿ ಜೀವಂತವಾಗಿಯೇ ಸುಟ್ಟುಬಿಡುತ್ತಾರೆ. ಇದನ್ನು ಕಂಡುಹಿಡಿದ ವೈದ್ಯೆಯನ್ನೂ ಶಿಬಿರದ ಅಧಿಕಾರಿ ಒಳಗೆ ಕೂಡಿಹಾಕುತ್ತಾನೆ, ಗಾಜಿನ ಆಚೆಯಿಂದ ಅವಳು ಉರಿಯುವುದನ್ನು ರೆಕ್ಸ್ ನೋಡುತ್ತಾನೆ. ಯುರೋಪಿನವರಿಗೆ ಈ ದೃಶ್ಯದಲ್ಲಿ ನಾಜಿಗಳ ಶಿಬಿರಗಳು ಕಾಣುತ್ತವೆ, ಮತ್ತು ಕಾಣಬೇಕೆಂದೇ ಅದನ್ನು ತೆಗೆದಿದ್ದಾರೆ. ನನ್ನ ತಾಯಿಗೆ ಕಂಡದ್ದು ಬೇರೆ. ಸುಡುವುದು ಅವರಿಗೆ ಹೊಸತಲ್ಲ. ಮಳೆಗಾಲದಲ್ಲಿ ಯಾರಾದರೂ ಹೋದರೆ ಇರಲಿ ಎಂದು ಕೊಟ್ಟಿಗೆಯ ಅಟ್ಟದಲ್ಲಿ ಒಣ ಸೌದೆಯನ್ನು ಬೇರೆಯಾಗಿ ಎತ್ತಿಡುವ ಮನೆಯಲ್ಲೇ ಅವರು ಬಾಳಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಬೆಂಕಿ ಇಡುವವರು ಯಾರು? ನಮ್ಮಲ್ಲಿ ಕೊಳ್ಳಿ ಹಿಡಿಯುವವನಿಗೆ ಒಂದು ಸಂಬಂಧವಿರುತ್ತದೆ, ಹೆಸರಿರುತ್ತದೆ, ಆಮೇಲೆ ಹನ್ನೊಂದು ದಿನ ಅವನು ಅದರ ಭಾರವನ್ನು ಹೊರುತ್ತಾನೆ. ಆ ಶಿಬಿರದಲ್ಲಿ ಒಬ್ಬ ಗುಮಾಸ್ತ ಗುಂಡಿ ಒತ್ತುತ್ತಾನೆ, ಊಟಕ್ಕೆ ಹೋಗುತ್ತಾನೆ. ಈ ಮಾತನ್ನು ಕೇಳಿದ ಮೇಲೆ ಆ ಕಂತನ್ನು ನಾನು ಬೇರೆ ಯಾವ ರೀತಿಯಲ್ಲಿಯೂ ನೋಡಲಾರದವನಾಗಿದ್ದೇನೆ.

ಆ ರಾತ್ರಿ ವಿದ್ಯುತ್ ಹೋಗಿ, ಮಾತು ತಾನಾಗಿಯೇ ಅರುಣಾ ಶಾನಭಾಗರ ಕಡೆಗೆ ತಿರುಗಿತು. ನಮ್ಮ ಸಾಗರ, ಜೋಗ ದಾಟಿ ಘಟ್ಟ ಇಳಿದರೆ ಸಿಗುವ ಹೊನ್ನಾವರ ಸೀಮೆಯ ಹಳದೀಪುರದವರು ಅವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದಾಗ 1973ರಲ್ಲಿ ನಡೆದ ಹಲ್ಲೆಯ ನಂತರ 2015ರವರೆಗೆ, ಹತ್ತಿರಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅರಿವಿಲ್ಲದೆ ಮಲಗಿದ್ದರು. ಅವರ ವಿಷಯದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2011ರ ಮಾರ್ಚ್‌ನಲ್ಲಿ, ಅಂದರೆ ಈ ಧಾರಾವಾಹಿ ಪ್ರಸಾರವಾಗುವ ನಾಲ್ಕು ತಿಂಗಳ ಮೊದಲು. ಅರುಣಾ ಅವರ ಆಹಾರವನ್ನು ನಿಲ್ಲಿಸಬೇಕೆಂಬ ಕೋರಿಕೆಯನ್ನು ಕೋರ್ಟ್ ಒಪ್ಪಲಿಲ್ಲ, ಆದರೆ ಕಟ್ಟುಪಾಡುಗಳೊಡನೆ ಚಿಕಿತ್ಸೆಯನ್ನು ಹಿಂತೆಗೆಯುವ ದಾರಿಯೊಂದನ್ನು ತೆರೆಯಿತು. ಕೋರಿಕೆಯನ್ನು ವಿರೋಧಿಸಿದವರಲ್ಲಿ ಅವರನ್ನು ದಶಕಗಳ ಕಾಲ ನೋಡಿಕೊಂಡ ಅಲ್ಲಿನ ಶುಶ್ರೂಷಕಿಯರೇ ಮುಂದಿದ್ದರು. ಚಿಕ್ಕಮ್ಮ ಅವರ ಪರ, ಮೇಷ್ಟ್ರು ಇನ್ನೊಂದು ಕಡೆ. ದೀಪ ಬರುವವರೆಗೂ ವಾದ ಮುಗಿಯಲಿಲ್ಲ. ‘ದಿನಾ ಸಾಯುವವರಿಗೆ ಅಳುವವರು ಯಾರು’ ಎಂಬ ಗಾದೆಯನ್ನು ಮೇಷ್ಟ್ರು ಎತ್ತಿದಾಗ, ಅಳುವವರು ಇರುತ್ತಾರೆ, ಅವರಿಗೆ ಪಾಳಿ ಇರುತ್ತದೆ ಎಂದು ಚಿಕ್ಕಮ್ಮ ಹೇಳಿದ್ದು ಧಾರಾವಾಹಿಯ ಯಾವ ಸಂಭಾಷಣೆಗಿಂತಲೂ ಚೆನ್ನಾಗಿತ್ತು.

ಇನ್ನು ಹಳೆಯ ಅಭಿಮಾನಿಗಳ ದೂರು. ಅಕ್ಕನ ಮಗನಿಗೆ ಈ ಭಾಗವೆಂದರೆ ಸಿಟ್ಟು. 2009ರಲ್ಲಿ ಐದೇ ಕಂತುಗಳಲ್ಲಿ, ಸತತ ಐದು ರಾತ್ರಿ ಪ್ರಸಾರವಾದ ಮೂರನೆಯ ಭಾಗ ಬಿಗಿಯಾದ ಕಟ್ಟಡವಾಗಿತ್ತೆಂದೂ, ಅದನ್ನು ಹತ್ತು ಕಂತಿಗೆ ಹಿಗ್ಗಿಸಿ, ಕಾರ್ಡಿಫ್‌ನ ಮಳೆಯನ್ನೂ ವೇಲ್ಸಿನವರ ಒರಟು ಹಾಸ್ಯವನ್ನೂ ಕ್ಯಾಲಿಫೋರ್ನಿಯಾದ ಬಿಸಿಲಿಗೆ ಒಣಹಾಕಿದರೆಂದೂ ಅವನ ವಾದ. ಆ ಮೂರನೆಯ ಭಾಗದಲ್ಲಿ ಸತ್ತ ಇಯಾಂಟೊ ಎಂಬ ಪಾತ್ರಕ್ಕಾಗಿ ಅಭಿಮಾನಿಗಳು ಕಾರ್ಡಿಫ್‌ನ ಬಂದರುಕಟ್ಟೆಯ ಗೋಡೆಯ ಮೇಲೆ ಚೀಟಿ, ಹೂವು, ಚಿತ್ರಗಳನ್ನಿಟ್ಟು ಒಂದು ಸ್ಮಾರಕವನ್ನೇ ಮಾಡಿದ್ದಾರೆ. ಇವನೂ ಹೋಗಿ ಅದರ ಮುಂದೆ ನಿಂತು ಬಂದವನು. ಬ್ರಿಟಿಷ್ ಧಾರಾವಾಹಿಯನ್ನು ಅಮೆರಿಕದವರು ಆರು ದಿನ ಮೊದಲು ನೋಡಿದರೆಂಬ ಕೊರಗು ಕೂಡ ಅಲ್ಲಿನವರಿಗೆ ಇತ್ತಂತೆ. ಹಿಂದಿನ ಭಾಗಗಳನ್ನು ನೋಡಿರದ ನಮಗೆ ಈ ಹಳೆಯ ಸೂತಕ ತಟ್ಟಲಿಲ್ಲ. ಆದರೆ ಉದ್ದದ ಬಗ್ಗೆ ಅವನು ಹೇಳಿದ್ದು ಪೂರ್ತಿ ನಿಜ. ಆರರಲ್ಲಿ ಮುಗಿಸಬಹುದಾದ ಕಥೆ ಇದು.

ಏಳನೆಯ ಕಂತು ನಮ್ಮನ್ನು 1927ರ ನ್ಯೂಯಾರ್ಕಿಗೆ ಒಯ್ಯುತ್ತದೆ. ಜಾಕ್ ಮತ್ತು ಏಂಜೆಲೊ ಎಂಬ ಇಟಲಿಯ ಯುವಕನ ಪ್ರೇಮ, ಕೊಂದರೂ ಏಳುವ ಜಾಕ್‌ನನ್ನು ಸೈತಾನನೆಂದು ಬಗೆದು ಏಂಜೆಲೊ ಮಾಡುವ ದ್ರೋಹ, ಕಟುಕನ ನೆಲಮಾಳಿಗೆಯಲ್ಲಿ ಅವನನ್ನು ಮತ್ತೆ ಮತ್ತೆ ಕೊಂದು ರಕ್ತವನ್ನು ಹಿಡಿದಿಟ್ಟುಕೊಳ್ಳುವ ಜನ. ಬಿಡಿಯಾಗಿ ನೋಡಿದರೆ ಹತ್ತರಲ್ಲಿ ಅತ್ಯಂತ ಸುಂದರವಾಗಿ ಬರೆದ ಕಂತು ಇದೇ. ಇಲ್ಲಿಂದ ಮುಂದೆ ಮಾತ್ರ ಆಸ್ಪತ್ರೆ, ಶಿಬಿರ, ವರ್ಗಗಳೆಲ್ಲ ಹಿಂದೆ ಸರಿದು, ಮೂರು ಶ್ರೀಮಂತ ಕುಟುಂಬಗಳ ಒಳಸಂಚಿನ ಬೆನ್ನುಹತ್ತುವುದೇ ಕಥೆಯಾಗುತ್ತದೆ. ಶಾಂಘೈಯಿಂದ ಬ್ಯೂನಸ್ ಐರಿಸ್‌ವರೆಗೆ ಭೂಮಿಯನ್ನು ಸೀಳಿಕೊಂಡು ಹೋದ ಒಂದು ಬಿರುಕು, ಅದಕ್ಕೆ ಉಣಿಸಿದ ಜಾಕ್‌ನ ರಕ್ತ, ಅದರಿಂದ ಎಲ್ಲರಿಗೂ ಅಂಟಿದ ಅಮರತ್ವ. ಭೂಗೋಳದಲ್ಲಿ ಆ ಎರಡು ಊರುಗಳು ಹೆಚ್ಚುಕಡಿಮೆ ಎದುರುಬದುರಾಗಿರುವುದು ನಿಜವಾದರೂ, ಐದು ಕಂತುಗಳ ಕಾಲ ಅಷ್ಟು ಕಟ್ಟುನಿಟ್ಟಾಗಿ ಕಾರಣ–ಕಾರ್ಯವನ್ನು ಲೆಕ್ಕ ಹಾಕಿದವರು ಕೊನೆಗೆ ಒಂದು ಗುಹೆಯನ್ನು ತೋರಿಸಿ ನಂಬಿ ಎಂದರೆ ಹೇಗೆ ಎಂಬುದು ಎಲ್ಲರ ಆಕ್ಷೇಪವಾಗಿತ್ತು.

ಮೇಷ್ಟ್ರ ಆಕ್ಷೇಪ ಇನ್ನೂ ಆಳದ್ದು. ಅಲ್ಲಮಪ್ರಭುವಿನ ಊರಾದ ಬಳ್ಳಿಗಾವಿ ನಮ್ಮ ಜಿಲ್ಲೆಯದೇ, ಶಿಕಾರಿಪುರ ತಾಲ್ಲೂಕಿನದು. ಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡು ಬೀಗುತ್ತಿದ್ದ ಗೋರಕ್ಷನನ್ನು ಅಲ್ಲಮ ಎದುರಾದ ಪ್ರಸಂಗವನ್ನು ಶೂನ್ಯಸಂಪಾದನೆ ಹೇಳುತ್ತದೆ: ಗೋರಕ್ಷನ ಮೈಗೆ ಬಿದ್ದ ಕತ್ತಿ ಕಲ್ಲಿಗೆ ಬಡಿದಂತೆ ಖಣಿಲೆಂದಿತು, ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಆಡಿತು. ಸಾವನ್ನು ತಡೆಯುವುದಕ್ಕೂ ಸಾವನ್ನು ದಾಟುವುದಕ್ಕೂ ಇರುವ ಈ ಅಂತರ ಧಾರಾವಾಹಿಯ ಯಾರ ತಲೆಗೂ ಹೊಳೆಯುವುದಿಲ್ಲ, ಶತಮಾನಗಳ ಕಾಲ ಬದುಕಿದ ಜಾಕ್‌ಗೂ ಇಲ್ಲ ಎಂದು ಅವರು ಬೇಸರಪಟ್ಟರು. ವೇಲ್ಸಿನ ಧಾರಾವಾಹಿಯಿಂದ ಬಳ್ಳಿಗಾವಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ ಎಂದು ನಾನು ವಾದಿಸಿದೆ. ಆದರೂ, ದೇವರು ಧರ್ಮಗಳ ಜಗತ್ತು ಇಂಥ ದಿನ ಏನನ್ನು ಯೋಚಿಸುತ್ತದೆ ಎಂಬುದನ್ನು ಮುಖವಾಡ ತೊಟ್ಟ ಒಂದು ಮೆರವಣಿಗೆಯಲ್ಲಿ ಮುಗಿಸಿಬಿಟ್ಟದ್ದು ಬಡತನವೇ ಸರಿ.

ಕೊನೆಯ ಕಂತನ್ನು ಉಳಿಸುವುದು ಜಾಕ್‌ನ ತಂಡದ ಗ್ವೆನ್‌ಳ ಅಪ್ಪ. ಈವ್ ಮೈಲ್ಸ್ ಅಭಿನಯಿಸಿರುವ ಗ್ವೆನ್ ಮೊದಲಿನಿಂದ ಹೃದಯಾಘಾತವಾದ ತಂದೆಯನ್ನು ಉಳಿಸಿಕೊಳ್ಳಲು ಹೆಣಗುತ್ತಾಳೆ; ಅವನನ್ನು ಶಿಬಿರದಿಂದ ಹೊತ್ತು ತಂದು ತವರಿನ ನೆಲಮನೆಯಲ್ಲಿ ಬಚ್ಚಿಡುತ್ತಾಳೆ, ಅಧಿಕಾರಿಗಳು ಹುಡುಕಿ ಎಳೆದೊಯ್ಯುತ್ತಾರೆ. ಸಾವನ್ನು ಮರಳಿ ತಂದರೆ ಮೊದಲು ಹೋಗುವವರಲ್ಲಿ ಅವನೂ ಒಬ್ಬನೆಂದು ಗೊತ್ತಿದ್ದೇ ಅವಳು ಆ ಕೆಲಸಕ್ಕೆ ಕೈಹಾಕುತ್ತಾಳೆ. ಅವಳು ದೂರದ ಶಾಂಘೈಯಲ್ಲಿರುವಾಗ, ಅವಳ ಗಂಡ ರೀಸ್ ಶಿಬಿರದೊಳಗೆ ನುಸುಳಿ ಮಾವನ ಪಕ್ಕದಲ್ಲಿ ಇರಲು ಹೋಗುತ್ತಾನೆ. ಜಾಕ್ ಮತ್ತೆ ಅಮರನಾಗುವುದು, ರೆಕ್ಸ್ ಕೂಡ ಸತ್ತು ಏಳುವುದು, ಇವೆಲ್ಲ ಮುಂದಿನ ಭಾಗಕ್ಕೆ ಹಾಕಿದ ಗಾಳ. ಆ ಮುಂದಿನ ಭಾಗ ಟೀವಿಗೆ ಬರಲೇ ಇಲ್ಲ. ಕಥೆ 2015ರಿಂದ ಧ್ವನಿನಾಟಕಗಳಲ್ಲಿ ಮುಂದುವರಿಯಿತು. ತಾಯಿಯ ಮಟ್ಟಿಗೆ ಧಾರಾವಾಹಿ ಮುಗಿದದ್ದು ಅಳಿಯ ಮಾವನ ಬಳಿ ತಲುಪಿದಾಗಲೇ. ಹಾಗಾದರೆ ಒಬ್ಬ ಇದ್ದನಲ್ಲ ಎಂದು ಹೇಳಿ ಅವರು ಎದ್ದು ಒಳಗೆ ಹೋದರು.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಹಿಂಸೆಯೂ ಪ್ರಣಯದ ದೃಶ್ಯಗಳೂ ಬಿಚ್ಚುಮನಸ್ಸಿನಿಂದ ಬರುವುದರಿಂದ ಮಕ್ಕಳೊಡನೆ ನೋಡುವಂಥದ್ದಲ್ಲ. ಮನೆಯಲ್ಲಿ ಈಚೆಗೆ ಯಾರಾದರೂ ತುಂಬ ದಿನ ಹಾಸಿಗೆ ಹಿಡಿದು ಹೋಗಿದ್ದರೆ ಐದನೆಯ ಕಂತನ್ನು ಸ್ವಲ್ಪ ಕಾಲ ದೂರವಿಡಿ. ಉಳಿದವರು ಒಂದರಿಂದ ಐದು, ಆಮೇಲೆ ಏಳು ಮತ್ತು ಹತ್ತು ನೋಡಿದರೆ ಸಾಕು. ನಡುವೆ ಬಿಟ್ಟದ್ದನ್ನು ಒಬ್ಬ ಅಭಿಮಾನಿ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾನೆ. ಬಳಸಿದ ತಟ್ಟೆಯಾದರೆ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳಿ. ನಮ್ಮ ಕಟ್ಟು ಈಗ ಮೇಷ್ಟ್ರ ಮನೆಯಲ್ಲಿದೆ, ಚಿಕ್ಕಮ್ಮ ಅವರ ನಂತರದ ಸರದಿಗೆ ಹೇಳಿಟ್ಟಿದ್ದಾರೆ. ಲ್ಯಾಪ್‌ಟಾಪನ್ನೂ ಜೊತೆಗೇ ಕಳಿಸಬೇಕಾಗಿದೆ, ಏಕೆಂದರೆ ಈ ಊರಿನಲ್ಲಿ 2ನೇ ವಲಯದ ಡ್ರೈವ್ ಇರುವುದು ಅದೊಂದೇ.