ತಳದಲ್ಲಿರುವ 1893 ನೋಡಿ ಹಣ ಕೊಡಬೇಡಿ

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರು ಮತ್ತು ಪ್ರವಾಸಕ್ಕೆ ಬಂದು ನೆನಪಿಗೊಂದು ಹಳೆಯ ಬಿಯರ್ ಸ್ಟೈನ್ (ಹಿಡಿಕೆಯಿರುವ ದೊಡ್ಡ ಬಿಯರ್ ಲೋಟ) ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ನಾನು 240 ಯೂರೊ ಕಳೆದುಕೊಂಡಿದ್ದೇನೆ. ನಿಮಗೆ ಹಾಗಾಗಬಾರದು.

ಸ್ಟುಟ್‌ಗಾರ್ಟ್ ಬಳಿ ಶನಿವಾರದ ಹಳೆಯ ಸಾಮಾನಿನ ಸಂತೆ. ಬೂದುಬಣ್ಣದ ಮೈ, ಕಡುನೀಲಿ ಲೇಪ, ಮೇಲೆ ತವರದ ಮುಚ್ಚಳ. ನಾನು ಕೇಳುವ ಮೊದಲೇ ಮಾರುವವನು ಸ್ಟೈನನ್ನು ಬೋರಲು ಮಾಡಿ ತಳದ ಮುದ್ರೆ ತೋರಿಸಿದ. ಕಾರ್ಖಾನೆಯ ಹೆಸರಿನ ಜೊತೆಗೆ ಸ್ಪಷ್ಟವಾಗಿ 1893 ಎಂದಿತ್ತು. 'ನೀವೇ ಓದಿಕೊಳ್ಳಿ' ಎಂದ. ಓದಿದೆ, ನಂಬಿದೆ, ನಗದು ಎಣಿಸಿ ಕೊಟ್ಟೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಅಜ್ಜಿ ವೆಸ್ಟರ್‌ವಾಲ್ಡ್ ಕಡೆಯವರು. ಅಲ್ಲಿನ ಹ್ಯೋರ್-ಗ್ರೆನ್ಸ್‌ಹೌಸನ್ ಸುತ್ತಮುತ್ತ ತಲೆತಲಾಂತರದಿಂದ ಇಂಥ ಮಣ್ಣಿನ ಕೆಲಸ ನಡೆದುಬಂದಿದೆ. ಅವರು ಮುದ್ರೆ ನೋಡಿದವರೇ, 'ಇದು ಕಾರ್ಖಾನೆ ಹುಟ್ಟಿದ ವರ್ಷ, ಸ್ಟೈನ್ ಹುಟ್ಟಿದ ವರ್ಷವಲ್ಲ' ಎಂದರು. ಆ ಊರಿನ ಟೆವಾಲ್ಟ್ ಕಾರ್ಖಾನೆ ಶುರುವಾದದ್ದು 1893ರಲ್ಲಿ. ಎಷ್ಟೋ ದಶಕಗಳ ನಂತರ ಮಾಡಿದ ಸ್ಟೈನ್‌ಗಳ ಮೇಲೂ ಅದೇ ಅಂಕಿ ಇರುತ್ತದೆ. ವಿಲ್ಲೆರಾಯ್ ಅಂಡ್ ಬೋಖ್ ಎಂಬ ಇನ್ನೊಂದು ಕಂಪನಿಯ ಹೊಸ ಮುದ್ರೆಯ 1748 ಕೂಡ ಹೀಗೆಯೇ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಅಜ್ಞಾನ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಅಜ್ಜಿ ನನ್ನ ಬೆರಳು ಹಿಡಿದು ಮುದ್ರೆಯ ಕೆಳಗೆ ಆಡಿಸಿದರು. ಉಳಿದ ತಳವೆಲ್ಲ ನುಣುಪಾಗಿದ್ದರೆ ಹೆಬ್ಬೆರಳಗಲದ ಒಂದು ಜಾಗ ಮಾತ್ರ ಉಪ್ಪುಕಾಗದದಂತೆ ತರಿತರಿಯಾಗಿತ್ತು, ಉಗುರು ಅಲ್ಲಿ ತಡೆಯಿತು. ದೀಪದ ಕೆಳಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ, ಉಜ್ಜಿ ಅಳಿಸಿದ ಅಕ್ಷರಗಳ ತುದಿಗಳು ಕಂಡವು. ಅಲ್ಲಿ 'ವೆಸ್ಟ್ ಜರ್ಮನಿ' ಎಂದು ಇತ್ತು. ಪಶ್ಚಿಮ ಜರ್ಮನಿ ಎಂಬ ದೇಶ ಇದ್ದದ್ದೇ 1949ರಿಂದ 1990ರವರೆಗೆ. ಯಾರೋ ಬೇಕೆಂದೇ ಅದನ್ನು ಅಳಿಸಿ 1893 ಅನ್ನು ಉಳಿಸಿದ್ದಾರೆ. ಈಗಲೂ ನನಗೆ ಸಿಟ್ಟು ಬರುವುದು ಇದಕ್ಕೇ.

ಆದ್ದರಿಂದ ವರ್ಷಕ್ಕಿಂತ ಮೊದಲು ದೇಶದ ಹೆಸರನ್ನು ಹುಡುಕಿ. ಆಮದಾಗುವ ವಸ್ತುವಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ನಿಯಮ 1891ರಲ್ಲಿ ಜಾರಿಗೆ ಬಂತು. 'ಜರ್ಮನಿ' ಎಂದು ಇಂಗ್ಲಿಷಿನಲ್ಲಿದ್ದರೆ ಅದು ಹೆಚ್ಚಾಗಿ ರಫ್ತಿಗೆಂದು ಮಾಡಿದ್ದು, ಸಾಮಾನ್ಯವಾಗಿ ಆ ಕಾಲದ ನಂತರದ್ದು. ಹೆಸರು ಇಲ್ಲದ ಮಾತ್ರಕ್ಕೆ ಹಳೆಯದು ಎಂದಲ್ಲ. ಒಳನಾಡಿನ ಮಾರಾಟಕ್ಕೆ ಅದು ಬೇಕಿರಲಿಲ್ಲ.

ಇನ್ನೊಂದು ಬಲೆ ಇದೆ. ತಳದಲ್ಲಿರುವ 'ಮುಸ್ಟರ್‌ಶುಟ್ಸ್' ಎಂಬ ಜರ್ಮನ್ ಪದವನ್ನು ಹೆಸರಾಂತ ಕಾರ್ಖಾನೆಯ ಹೆಸರೆಂದು ಹೇಳಿ ಮಾರುವವರನ್ನು ಕಂಡಿದ್ದೇನೆ. ಆ ಪದದ ಅರ್ಥ 'ವಿನ್ಯಾಸಕ್ಕೆ ರಕ್ಷಣೆಯಿದೆ' ಎಂದಷ್ಟೇ. 'ಗೆಸ್. ಗೆಶ್.' ಎಂದಿದ್ದರೆ 'ಕಾನೂನಿನ ರಕ್ಷಣೆಯಿದೆ' ಎಂದು. ಎರಡೂ ತಯಾರಕರ ಹೆಸರಲ್ಲ.

ಮೆಟ್‌ಲಾಖ್ ಸ್ಟೈನ್‌ಗಳಿಗೆ ಬೆಲೆ ಹೆಚ್ಚು, ಅಲ್ಲಿ ಎಚ್ಚರವೂ ಹೆಚ್ಚು ಬೇಕು. ಸಾರ್ ನದಿಯ ದಡದ ಹಳೆಯ ಕ್ರೈಸ್ತ ಮಠವೊಂದರಲ್ಲಿ 1809ರಲ್ಲಿ ಆರಂಭವಾದ ಕಾರ್ಖಾನೆಯದು. ಮಠದ ಗೋಪುರ ಅಥವಾ ಮರ್ಕ್ಯುರಿ ದೇವತೆಯ ತಲೆ ಅದರ ಹೆಸರಾದ ಮುದ್ರೆಗಳು. ಚಿತ್ರ ಕಂಡೊಡನೆ ಒಪ್ಪಿಬಿಡಬೇಡಿ. ಮಣ್ಣು ಹಸಿಯಿದ್ದಾಗಲೇ ಒತ್ತಿದ ಅಚ್ಚಿನ ಸಂಖ್ಯೆ ಮತ್ತು ಎರಡಂಕಿಯ ವರ್ಷಸೂಚಿ ಇವೆಯೇ ನೋಡಿ. 98 ಎಂದಿದ್ದರೆ 1898. ಆ ಅಂಕಿಗಳು ಬೆರಳಿಗೆ ತಗ್ಗಾಗಿ ಸಿಗಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವವರು ತಳದ ಚಿತ್ರವನ್ನು ಬದಿಯಿಂದ ಬೆಳಕು ಬಿಟ್ಟು ತೆಗೆದು ಕಳುಹಿಸಲು ಕೇಳಿ. ನೇರ ಬೆಳಕಿನಲ್ಲಿ ಉಜ್ಜಿದ ಗುರುತು ಕಾಣುವುದಿಲ್ಲ.

ಮುಂದಿನ ಶನಿವಾರ ಅದೇ ಸಂತೆಗೆ ಹೋದಾಗ ನನಗೆ ಸ್ಟೈನ್ ಮಾರಿದ ಆ ಮನುಷ್ಯ, '1893ರಲ್ಲಿ ಮಾಡಿದ್ದೆಂದು ನಾನು ಹೇಳಲೇ ಇಲ್ಲ, ಓದಿಕೊಳ್ಳಿ ಎಂದೆ' ಎಂದ. ರಸೀದಿ ಇರಲಿಲ್ಲ, ಹಣ ಹಿಂದಿರುಗಲಿಲ್ಲ. ಕಳೆದ ತಿಂಗಳು ಬೇರೊಂದು ಸಂತೆಯಲ್ಲಿ ಒಂದು ಸ್ಟೈನ್ ತುಂಬಾ ಇಷ್ಟವಾಯಿತು. 1900ರ ಸುಮಾರಿನದು ಎಂದರು. 'ಅದನ್ನೇ ರಸೀದಿಯಲ್ಲಿ ಬರೆದು ಸಹಿ ಮಾಡಿ' ಎಂದೆ. ಅಂಗಡಿಯವರು ಪೆನ್ನು ಮುಟ್ಟಲಿಲ್ಲ. ಸ್ಟೈನನ್ನು ಮೇಜಿನ ಮೇಲಿಟ್ಟು ಬಂದೆ.